ಕರುಣೆಯಿಂದ ಬರೆದ್ರೆ ಕೇಸ್ ನೋಟ್ಸ್ ಕತೆ ಆಗ್ಬಿಡುತ್ತಾ?

ಪ್ರಶ್ನೆ: ನಾನು ಮಕ್ಕಳ ಹೋಮ್ ಒಂದರಲ್ಲಿ ಕೇಸ್ ವರ್ಕರ್, ಅಲ್ಲಿರೋ ಮಕ್ಕಳ ಬಗ್ಗೆ ಫೈಲಲ್ಲಿ ಕೇಸ್ ನೋಟ್ಸ್ ಬರೀಬೇಕು. ಟ್ರೈನಿಂಗಲ್ಲಿ ಮಕ್ಕಳ ಬಗ್ಗೆ ಕರುಣೆಯಿಂದ ಬರೀರಿ, ನಾಳೆ ಆ ಮಗುನೇ ಓದಬಹುದು ಅಂದ್ರು. ಹಾಗೆ ಬರೆದ್ರೆ ನಮ್ಮ ಸೂಪರ್‌ವೈಸರ್ "ಇದೇನು ಕತೆನಾ, ಫ್ಯಾಕ್ಟ್ಸ್ ಮಾತ್ರ ಬರೀರಿ" ಅಂತಾರೆ. ಇಲ್ಲಿ 13 ವರ್ಷದ ಹುಡುಗ ಒಬ್ಬ ಇದಾನೆ, ಸಿಟ್ಟು ಬಂದ್ರೆ ಸಾಮಾನು ಎಸೀತಾನೆ, ಒಂದೊಂದ್ಸಲ ಹೊಡೀತಾನೆ. ಅದನ್ನ ಮುಚ್ಚಿಟ್ಟು ಸಿಹಿಯಾಗಿ ಬರೆಯೋದು ಕರುಣೆನಾ? ಟೈಮಂತೂ ಇಲ್ವೇ ಇಲ್ಲ. ಏನ್ ಮಾಡ್ಲಿ?

ಉತ್ತರ: ನಿಮ್ಮ ಸೂಪರ್‌ವೈಸರ್ ಹೇಳಿದ್ರಲ್ಲಿ ತಪ್ಪಿಲ್ಲ, ಫ್ಯಾಕ್ಟ್ಸ್ ಬೇಕು. ಆದ್ರೆ ನಾನು ನೋಡಿರೋ ಕಠೋರ ನೋಟ್ಸ್‌ನಲ್ಲೆಲ್ಲ ಒಂದು ವಿಷಯ ಕಾಮನ್ನು, ಅದ್ರಲ್ಲಿ ಫ್ಯಾಕ್ಟ್ಸ್ ಜಾಸ್ತಿಯಾಗಿರಲ್ಲ, ತೀರಾ ಕಮ್ಮಿ ಇರ್ತವೆ. ಕರುಣೆ ಅಂದ್ರೆ "ಪಾಪದ ಹುಡುಗ", "ಮುಗ್ಧ ಜೀವ" ಅಂತ ಸೇರಿಸೋದಲ್ಲ, ಅದೂ ಒಂಥರಾ ಹಣೆಪಟ್ಟಿನೇ, ಓದೋ ಮಗುಗೆ ಮುಜುಗರ ಆಗುತ್ತೆ ಅಷ್ಟೆ. ಏನಾಯ್ತು, ಅದಕ್ಕೆ ಮುಂಚೆ ಏನಾಗಿತ್ತು, ಮಗು ಏನಂತು, ನಾವೇನ್ ಮಾಡಿದ್ವಿ, ಯಾಕೆ ಮಾಡಿದ್ವಿ, ಇಷ್ಟನ್ನೂ ಅರ್ಧಕ್ಕೆ ಬಿಡದೆ ಬರೆದ್ರೆ ಅದೇ ಕರುಣೆ. ಮುಚ್ಚಿಡೋ ಪ್ರಶ್ನೆನೇ ಬರಲ್ಲ.

ನಿಮ್ಮ ಹುಡುಗನ ಥರದ ಒಂದು ಘಟನೆ ತಗೊಳ್ಳೋಣ. ಸಾಮಾನ್ಯವಾಗಿ ಫೈಲಲ್ಲಿ ಸಿಗೋದು ಇದು:

"ಸದರಿ ಬಾಲಕನು ರಾತ್ರಿ ಊಟದ ಸಮಯದಲ್ಲಿ ಕಾರಣವಿಲ್ಲದೆ ಅಗ್ರೆಸಿವ್ ಆಗಿ ತಟ್ಟೆ ಎಸೆದು ಸಿಬ್ಬಂದಿ ಮೇಲೆ ಹಲ್ಲೆ ಮಾಡಿರುತ್ತಾನೆ. ಹೇಳಿದ ಮಾತು ಕೇಳುವುದಿಲ್ಲ. ಅಟೆನ್ಷನ್ ಸೀಕಿಂಗ್. ಬಾಲಕನಿಗೆ ಸೂಕ್ತ ತಿಳುವಳಿಕೆ ನೀಡಲಾಯಿತು."

ಇದ್ರಲ್ಲಿ ಫ್ಯಾಕ್ಟ್ ಎಷ್ಟಿದೆ ನೋಡಿ. ತಟ್ಟೆ ಎಸೆದಿದ್ದು ಒಂದು ಫ್ಯಾಕ್ಟು. "ಹಲ್ಲೆ" ಅನ್ನೋದ್ರಿಂದ ಅವನು ಹೊಡೆದನಾ, ತಳ್ಳಿದನಾ, ಯಾರಿಗೆ ಎಲ್ಲಿ ತಾಗ್ತು ಏನೂ ಗೊತ್ತಾಗಲ್ಲ. "ಕಾರಣವಿಲ್ಲದೆ" ಅನ್ನೋದಂತೂ ಫ್ಯಾಕ್ಟೇ ಅಲ್ಲ, ಬರೆದವರು ಕಾರಣ ಕೇಳ್ಲಿಲ್ಲ ಅಂತ ಅರ್ಥ. "ತಿಳುವಳಿಕೆ ನೀಡಲಾಯಿತು", ಇದು ನಮ್ಮ ಆಫೀಸ್ ಕನ್ನಡದ ದೊಡ್ಡ ಮಾಯೆ, ಯಾರು ನೀಡಿದ್ರು, ಏನ್ ಹೇಳಿದ್ರು, ಹುಡುಗ ಏನಂದ, ಯಾವುದೂ ಇಲ್ಲ, ಎಷ್ಟೋ ಸಲ ಅದು ಐದು ನಿಮಿಷದ ಬೈಗುಳ ಆಗಿರುತ್ತೆ. ಇನ್ನು "ಸದರಿ ಬಾಲಕ"! ಅವನಿಗೊಂದು ಹೆಸರಿದೆ ಅಲ್ವಾ, ಫೈಲ್ ಮೇಲೇ ಇದೆ.

ಈಗ ಅದೇ ರಾತ್ರಿನ ಹೀಗೆ ಬರೀಬಹುದು (ಹೆಸರಿರೋ ಕಡೆ ನಾನಿಲ್ಲಿ 'ಅವನು' ಅಂತ ಹಾಕ್ತೀನಿ):

"ಸಂಜೆ 6ಕ್ಕೆ ಅಮ್ಮನ ಫೋನ್ ಬರಬೇಕಿತ್ತು, ಬರಲಿಲ್ಲ. ಮೂರು ಸಲ ಆಫೀಸ್ ರೂಮಿಗೆ ಬಂದು 'ಬಂತಾ' ಅಂತ ಕೇಳಿದ. 7:30ಕ್ಕೆ ಊಟಕ್ಕೆ ಕೂತಾಗ ಇನ್ನೊಬ್ಬ ಹುಡುಗ 'ನಿಮ್ಮಮ್ಮ ಮರೆತೇ ಹೋದ್ಲು' ಅಂದ. ಅವನು ತಟ್ಟೆ ಎಸೆದ, ಗೋಡೆಗೆ ಬಡೀತು, ಯಾರಿಗೂ ತಾಗಲಿಲ್ಲ. ತಡೆಯೋಕೆ ಅಂತ ನಾನು ಹಿಂದಿನಿಂದ ಹೋಗಿ ತೋಳು ಹಿಡಿದೆ. ಬಿಡಿಸಿಕೊಳ್ಳುವಾಗ ಅವನ ಕೈ ನನ್ನ ಎಡಭುಜಕ್ಕೆ ಜೋರಾಗಿ ಬಿತ್ತು, ನೋವಾಯ್ತು, ಗಾಯ ಇಲ್ಲ. 'ಬಿಡಿ ನನ್ನ, ಎಲ್ರೂ ಹಿಂಗೇ' ಅಂತ ಕಿರುಚಿ ಮೆಟ್ಟಿಲ ಹತ್ರ ಹೋಗಿ ಕೂತ. ನಾನು ಸ್ವಲ್ಪ ದೂರದಲ್ಲಿ ಕೂತೆ, ಮಾತಾಡಿಸಲಿಲ್ಲ. 8:15ಕ್ಕೆ ತಾನಾಗೇ ಬಂದು ಚೆಲ್ಲಿದ್ದನ್ನ ಒರೆಸಿದ. ಅಮ್ಮನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ನಾಳೆ ಬೆಳಗ್ಗೆ ಮತ್ತೆ ಮಾಡ್ತೀನಿ ಅಂತ ಅವನಿಗೆ ಹೇಳಿದೀನಿ. ನನ್ನ ಅಭಿಪ್ರಾಯ: ಫೋನ್ ಬರದೇ ಇದ್ದಿದ್ದಕ್ಕೂ ಇದಕ್ಕೂ ಸಂಬಂಧ ಇದೆ. ಇನ್ನೊಮ್ಮೆ ಕಾಲ್ ತಪ್ಪಿದ್ರೆ ಊಟಕ್ಕೆ ಮುಂಚೆನೇ ಯಾರಾದ್ರೂ ಒಬ್ರು ಅವನ ಜೊತೆ ಕೂರಬೇಕು. ಹಿಂದಿನಿಂದ ಹಿಡೀಬಾರದು."

ಇದ್ರಲ್ಲಿ ಯಾವ ತಪ್ಪನ್ನ ಮುಚ್ಚಿಟ್ಟಿದೀವಿ ಹೇಳಿ? ತಟ್ಟೆನೂ ಇದೆ ಪೆಟ್ಟೂ ಇದೆ, ಹೊಗಳಿಕೆ ಒಂದ್ ಪದ ಇಲ್ಲ, ನಮ್ಮ ಅಭಿಪ್ರಾಯ ಎಲ್ಲಿದ್ಯೋ ಅಲ್ಲಿ "ಅಭಿಪ್ರಾಯ" ಅಂತಾನೇ ಬೋರ್ಡ್ ಹಾಕಿದೀವಿ. ಮೊದಲನೇ ನೋಟ್ ಓದಿದ ನೈಟ್ ಶಿಫ್ಟ್‌ನವರು ಹುಡುಗನ್ನ ಕಂಡ್ರೆ ಹೆದರ್ತಾರೆ, ಎರಡನೇದನ್ನ ಓದಿದವರಿಗೆ ಬೆಳಗ್ಗೆ ಎದ್ದು ಏನ್ ಮಾಡ್ಬೇಕು ಅಂತ ಗೊತ್ತಿರುತ್ತೆ. ಸೂಪರ್‌ವೈಸರ್ ಹತ್ರ ವಾದ ಮಾಡೋಕೆ ಹೋಗ್ಬೇಡಿ, ಈ ಥರ ಎರಡು ನೋಟ್ ಅಕ್ಕಪಕ್ಕ ಇಟ್ಟು "ಸರ್, ಯಾವುದ್ರಲ್ಲಿ ಫ್ಯಾಕ್ಟ್ಸ್ ಜಾಸ್ತಿ ಇದೆ" ಅಂತ ಕೇಳಿ ಸಾಕು.

ಹಣೆಪಟ್ಟಿಗಳ ನಿಜವಾದ ಅಪಾಯ ಅಂದ್ರೆ ಅವು ಪ್ರಯಾಣ ಮಾಡ್ತವೆ. 9 ವರ್ಷದಲ್ಲಿ ಒಂದು ಕೆಟ್ಟ ವಾರ ಯಾರೋ "ಅಗ್ರೆಸಿವ್" ಅಂತ ಬರೀತಾರೆ, ಮುಂದಿನ ರಿಪೋರ್ಟ್ ಮಾಡೋರು ಅದನ್ನ ಕಾಪಿ ಪೇಸ್ಟ್ ಮಾಡ್ತಾರೆ, ಟ್ರಾನ್ಸ್‌ಫರ್ ಆದಾಗ ಸಮ್ಮರಿ ಶೀಟಲ್ಲಿ ಮೊದಲನೇ ಸಾಲಲ್ಲೇ ಅದು ಕೂರುತ್ತೆ, ಫಾಸ್ಟರ್ ಮನೆಯವರು (ಮಗುನ ತಮ್ಮ ಮನೇಲಿಟ್ಟು ನೋಡ್ಕೊಳ್ಳೋ ಕುಟುಂಬ) ಅಷ್ಟು ಓದಿ ಬೇಡ ಅಂತಾರೆ, 16ಕ್ಕೆ ಬಂದಾಗ ಆ ಪದಕ್ಕೆ ಕಾರಣ ಆದ ವಾರ ಯಾರಿಗೂ ನೆನಪಿರಲ್ಲ, ಪದ ಮಾತ್ರ ಗಟ್ಟಿಯಾಗಿ ಉಳಿದಿರುತ್ತೆ. ಅದಕ್ಕೇ ಗುಣ ಬರೀಬೇಡಿ, ಘಟನೆ ಬರೀರಿ, ತಾರೀಖು ಹಾಕಿ. ಘಟನೆಗೆ ವಯಸ್ಸಾಗುತ್ತೆ, ಗುಣಕ್ಕೆ ಆಗಲ್ಲ.

ಇನ್ನು "ನಾಳೆ ಮಗುನೇ ಓದಬಹುದು" ಅಂತ ಟ್ರೈನಿಂಗಲ್ಲಿ ಹೇಳಿದ್ದು ಸುಮ್ನೆ ಭಾವುಕ ಮಾತಲ್ಲ, ಹಿಂದೆ ಒಂದು ದೊಡ್ಡ ಕಾನೂನು ಕತೆನೇ ಇದೆ. ಗ್ರಹಾಂ ಗ್ಯಾಸ್ಕಿನ್ ಅಂತ ಬ್ರಿಟನ್‌ನ ಲಿವರ್‌ಪೂಲ್‌ನವರು, ಅಮ್ಮ ತೀರಿಹೋದ್ಮೇಲೆ ಎಳೆ ಮಗುವಾಗಿದ್ದಾಗ್ಲೇ ಸರ್ಕಾರಿ ಪಾಲನೆಗೆ ಬಂದು ಬಾಲ್ಯದ ಬಹುಪಾಲು ಅಲ್ಲೇ ಕಳೆದವರು. ಅಲ್ಲಿ ತನಗೆ ಕಿರುಕುಳ ಆಯ್ತು ಅಂತ ಅವರ ದೂರು. ದೊಡ್ಡವರಾದ್ಮೇಲೆ ತನ್ನ ಫೈಲ್ ಕೊಡಿ ಅಂತ ಕೇಳಿದ್ರೆ, ಬೇರೆಬೇರೆಯವರು ಗುಟ್ಟಾಗಿ ಕೊಟ್ಟ ಮಾಹಿತಿ ಇದ್ರಲ್ಲಿದೆ, ಅವರು ಒಪ್ಪಿದ್ರೆ ಮಾತ್ರ ತೋರಿಸ್ತೀವಿ ಅಂದ್ರು. ಕೇಸು ಯುರೋಪಿನ ಮಾನವ ಹಕ್ಕುಗಳ ಕೋರ್ಟ್‌ವರೆಗೂ ಹೋಯ್ತು. 1989ರ ಜುಲೈನಲ್ಲಿ ಕೋರ್ಟ್ ಹೇಳಿದ್ದೇನಂದ್ರೆ, ತನ್ನ ಬಾಲ್ಯ ಹೇಗಿತ್ತು ಅಂತ ತಿಳ್ಕೊಳ್ಳೋದು ಆ ವ್ಯಕ್ತಿಯ ಖಾಸಗಿ ಜೀವನದ ಹಕ್ಕಿಗೆ ಸೇರುತ್ತೆ, ಮಾಹಿತಿ ಕೊಟ್ಟವರು ಒಪ್ಪದೇ ಇದ್ರೆ ಅಥವಾ ಉತ್ತರನೇ ಕೊಡದಿದ್ರೆ ಅದನ್ನ ತೀರ್ಮಾನ ಮಾಡೋಕೆ ಒಂದು ಸ್ವತಂತ್ರ ವ್ಯವಸ್ಥೆ ಇರ್ಬೇಕು, ಅದಿಲ್ದೇ ಇದ್ದಿದ್ದು ಹಕ್ಕಿನ ಉಲ್ಲಂಘನೆ. ಗಮನಿಸಿ, ಎಲ್ಲ ಹಾಳೆನೂ ಎಲ್ರಿಗೂ ಕೊಡಿ ಅಂತ ಕೋರ್ಟ್ ಹೇಳ್ಲಿಲ್ಲ. ಅದೇ ವರ್ಷ ನವೆಂಬರ್ 20ಕ್ಕೆ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಅಂಗೀಕಾರ ಆಯ್ತು, ಅದ್ರ 12ನೇ ವಿಧಿ ಮಗುವಿನ ಮಾತು ಕೇಳ್ಬೇಕು ಅನ್ನುತ್ತೆ, 25ನೇ ವಿಧಿ ಪಾಲನೆಲಿರೋ ಮಗುವಿನ ಪರಿಸ್ಥಿತಿನ ಆಗಾಗ ಮರುಪರಿಶೀಲನೆ ಮಾಡ್ಬೇಕು ಅನ್ನುತ್ತೆ. 2009ರ ಡಿಸೆಂಬರ್‌ನಲ್ಲಿ ಒಪ್ಪಿದ ವಿಶ್ವಸಂಸ್ಥೆಯ ಪರ್ಯಾಯ ಪಾಲನೆ (ಅಂದ್ರೆ ಹೆತ್ತವರ ಬದ್ಲು ಬೇರೆಯವರು ಮಗುನ ನೋಡ್ಕೊಳ್ಳೋದು) ಮಾರ್ಗಸೂಚಿ ಇನ್ನೂ ಬಿಡಿಸಿ ಹೇಳುತ್ತೆ: ಫೈಲ್ ಪೂರ್ತಿಯಾಗಿರ್ಬೇಕು, ಗೌಪ್ಯವಾಗಿರ್ಬೇಕು, ಮಗು ಹೋದಲ್ಲೆಲ್ಲ ಹೋಗ್ಬೇಕು, ಮಗುವಿಗೆ ಅದನ್ನ ತೋರಿಸೋ ಮುಂಚೆ, ತೋರಿಸುವಾಗ, ತೋರಿಸಿದ ಮೇಲೂ ಜೊತೆಗೆ ನಿಂತು ಸಮಾಧಾನ ಹೇಳೋರು ಇರ್ಬೇಕು. ಇಂಗ್ಲೆಂಡಲ್ಲಿ ಇಂಥ ಫೈಲನ್ನ ಸಾಮಾನ್ಯವಾಗಿ ಆ ಮಗುವಿನ 75ನೇ ಹುಟ್ಟುಹಬ್ಬದವರೆಗೂ ಇಡ್ಬೇಕು ಅಂತ ನಿಯಮ ಇದೆ. ಅಂದ್ರೆ ಶಿಫ್ಟ್ ಮುಗಿಯೋ ಅವಸರದಲ್ಲಿ ಗೀಚಿದ ಎರಡು ಸಾಲು, ಬರೆದವರು ಹೋದ್ಮೇಲೂ ಉಳಿಯುತ್ತೆ.

ಮನೇಲಿ ಬೆಳೆದವರಿಗೆ "ನೀನು ಚಿಕ್ಕವನಿದ್ದಾಗ ಹಿಂಗೆ ಮಾಡ್ತಿದ್ದೆ" ಅಂತ ಹೇಳೋಕೆ ಯಾರೋ ಒಬ್ರು ಇರ್ತಾರೆ. ಹೋಮಲ್ಲಿ ಸ್ಟಾಫ್ ಬದಲಾಗ್ತಿರ್ತಾರೆ, ಆ ಕೆಲಸ ಮಾಡೋಕೆ ಉಳಿಯೋದು ಫೈಲೊಂದೇ. ಅದ್ರಲ್ಲಿ ಬರೀ ಇನ್ಸಿಡೆಂಟ್ ರಿಪೋರ್ಟ್ ಇದ್ರೆ ಅವನ ಬಾಲ್ಯ ಅಂದ್ರೆ ಬರೀ ಗಲಾಟೆ ಅಂತಾಗುತ್ತೆ. ಯಾಕಂದ್ರೆ ಸುಮ್ನೆ ನಕ್ಕೊಂಡಿದ್ದ ದಿನಕ್ಕೆ ಯಾವ ಫಾರಂ ಕೂಡ ಇಲ್ಲ ನೋಡಿ! ಹಲ್ಲು ಬಿದ್ದಿದ್ದು, ಸೈಕಲ್ ಕಲಿತಿದ್ದು, ಕತ್ತಲೆ ಅಂದ್ರೆ ಹೆದರ್ತಿದ್ದವನು ಯಾವಾಗ ಲೈಟ್ ಆಫ್ ಮಾಡಿ ಮಲಗೋಕೆ ಶುರು ಮಾಡಿದ, ಜೀವದ ಗೆಳೆಯ ಯಾರು, ಅಡ್ಡಹೆಸರು ಇಟ್ಟವರು ಯಾರು, ಫೋಟೋದಲ್ಲಿರೋರ ಹೆಸರು, ಇದನ್ನೆಲ್ಲ ಒಂದೊಂದು ಸಾಲು ಬರೆದಿಡಿ. ನಾನು ಮೇಲೆ ಹೇಳಿದ ಮಾರ್ಗಸೂಚಿಲೇ ಪ್ರತಿ ಮಗುವಿಗೂ ಒಂದು ಜೀವನಕತೆಯ ಪುಸ್ತಕ ಇರ್ಬೇಕು, ಫೋಟೋ, ನೆನಪಿನ ವಸ್ತು ಎಲ್ಲ ಹಾಕಿ ಮಗು ಜೊತೆ ಸೇರಿ ಮಾಡ್ಬೇಕು, ಅದು ಜೀವನ ಪೂರ್ತಿ ಅವರ ಕೈಗೆ ಸಿಗ್ಬೇಕು ಅಂತಿದೆ. ನಿಮ್ಮಲ್ಲಿ ಅದನ್ನ ಮಾಡೋರು ಯಾರೂ ಇಲ್ಲ ಅಂದ್ರೆ ಕೇಸ್ ನೋಟ್ಸೇ ಆ ಕೆಲಸ ಮಾಡ್ಬೇಕು.

ಪದಗಳ ವಿಷಯಕ್ಕೆ ಬರ್ತೀನಿ, ಆದ್ರೆ ಇಲ್ಲಿ ಜಾಸ್ತಿ ಹೊತ್ತು ನಿಲ್ಲಲ್ಲ, ಯಾಕಂದ್ರೆ ಟ್ರೈನಿಂಗ್‌ಗಳಲ್ಲಿ ಬೇರೆ ಎಲ್ಲ ಬಿಟ್ಟು ಇದನ್ನೇ ಹೇಳ್ತಾರೆ, ಈ ಪದ ಬಿಡಿ ಆ ಪದ ಹಾಕಿ ಅಂತ ಒಂದು ಪಟ್ಟಿ ಕೊಟ್ಟು ಕಳಿಸ್ತಾರೆ. ಪಟ್ಟಿ ಕೆಟ್ಟದೇನಲ್ಲ. ಬ್ರಿಟನ್‌ನ ಟ್ಯಾಕ್ಟ್ ಅನ್ನೋ ಫಾಸ್ಟರಿಂಗ್ ಸಂಸ್ಥೆ 2019ರಲ್ಲಿ ಪಾಲನೆಲಿರೋ ಮಕ್ಕಳನ್ನೇ ಕೇಳಿ ಒಂದು ಪದಪಟ್ಟಿ ಮಾಡ್ತು, ಅಪ್ಪ ಅಮ್ಮನ್ನ ನೋಡೋಕೆ ಹೋಗೋದನ್ನ "ಕಾಂಟ್ಯಾಕ್ಟ್" ಅಂತ ಯಾಕೆ ಬರೀತೀರ, "ಫ್ಯಾಮಿಲಿ ಟೈಮ್" ಅನ್ನಿ ಅನ್ನೋ ಥರದ್ದು. ಭಾರತದ 2015ರ ಬಾಲನ್ಯಾಯ ಕಾಯ್ದೆಲೂ ಮಗುವಿಗೆ ಸಂಬಂಧಪಟ್ಟ ಪ್ರಕ್ರಿಯೆಲಿ ಆರೋಪ ಹೊರಿಸೋ ಥರದ ಪದ ಬಳಸ್ಬಾರ್ದು ಅಂತ ಒಂದು ತತ್ವನೇ ಇದೆ. ಆದ್ರೆ "ಅಟೆನ್ಷನ್ ಸೀಕಿಂಗ್" ತೆಗೆದು "ಕನೆಕ್ಷನ್ ಸೀಕಿಂಗ್" ಅಂತ ಹಾಕಿ ಬೇರೆಲ್ಲ ಹಾಗೇ ಬಿಟ್ರೆ ಬಣ್ಣ ಬಳಿದಂಗಾಯ್ತು ಅಷ್ಟೆ. ಆ ಪದ ತೆಗೆದ್ಮೇಲೆ ಖಾಲಿ ಆದ ಜಾಗಕ್ಕೆ ಏನಾಯ್ತು ಅನ್ನೋದು ಬರ್ಬೇಕು.

"ಸಹಕರಿಸಲಿಲ್ಲ" ಅಂತ ಬರೀತೀವಲ್ಲ, ಯಾವುದಕ್ಕೆ? ಹೊಸ ಕೌನ್ಸೆಲರ್ ಮೊದಲನೇ ದಿನ ಬಂದು ಬಾಗಿಲು ಹಾಕ್ಕೊಂಡು ನಿಮ್ಮಪ್ಪನ ಬಗ್ಗೆ ಹೇಳು ಅಂದ್ರೆ ಯಾರ್ ಸಹಕರಿಸ್ತಾರೆ. "ಓಡಿಹೋದ" ಅಂತೀವಿ, ಅವನು ತಂಗಿ ಇರೋ ಮನೆ ಹತ್ರ ಹೋಗಿ ನಿಂತಿದ್ದ ಅನ್ನೋದು ಅದ್ರಲ್ಲಿ ಮಾಯ. ಮಗುನ ಇರಿಸಿದ ಫಾಸ್ಟರ್ ಮನೆಲಿ ಹೊಂದಿಕೆ ಆಗದೆ ವಾಪಸ್ ಬಂದಾಗ "ಪ್ಲೇಸ್‌ಮೆಂಟ್ ಫೇಲ್ ಆಯ್ತು" ಅಂದ್ರೆ ಓದೋ ಮಗುಗೆ ಕೇಳ್ಸೋದು ನಾನು ಫೇಲ್ ಅಂತ. ಆ ಮನೆಯವರಿಗೆ ಎಂಥ ಬೆಂಬಲ ಬೇಕಿತ್ತು, ನಾವು ಏನ್ ಕೊಟ್ವಿ, ಏನ್ ಕೊಡಕ್ಕಾಗ್ಲಿಲ್ಲ ಅಂತ ಬರೀರಿ.

ಒಂದು ಕಡೆ ಮಾತ್ರ ಪದವೇ ಜೀವ ತೆಗೆಯೋ ವಿಷಯ ಆಗುತ್ತೆ, ಲೈಂಗಿಕ ಶೋಷಣೆ. ಇಂಗ್ಲೆಂಡಿನ ರಾದರ್‌ಹ್ಯಾಂ ಊರಲ್ಲಿ 1997ರಿಂದ 2013ರವರೆಗೆ ಕಮ್ಮಿ ಅಂದ್ರೂ ಸುಮಾರು 1400 ಮಕ್ಕಳು ಶೋಷಣೆಗೆ ಒಳಗಾಗಿದ್ರು ಅಂತ ಅಲೆಕ್ಸಿಸ್ ಜೇ ಅವರ 2014ರ ತನಿಖಾ ವರದಿ ಅಂದಾಜು ಮಾಡ್ತು, ಪೊಲೀಸರು ಆ ಮಕ್ಕಳಲ್ಲಿ ಎಷ್ಟೋ ಜನರನ್ನ ತಿರಸ್ಕಾರದಿಂದ ನೋಡಿದ್ರು, ಅಪರಾಧ ಅಂತಾನೇ ಪರಿಗಣಿಸಲಿಲ್ಲ ಅಂತ ಹೇಳ್ತು. 14ರ ಹುಡುಗಿ ಬಗ್ಗೆ "ದೊಡ್ಡ ವಯಸ್ಸಿನ ಬಾಯ್‌ಫ್ರೆಂಡ್ ಇದಾನೆ, ತಡವಾಗಿ ಬರ್ತಾಳೆ, ನಡತೆ ಸರಿಯಿಲ್ಲ" ಅಂತ ಫೈಲಲ್ಲಿದ್ರೆ ಅದನ್ನ ಓದಿದ ಯಾರೂ ಆ ಗಂಡಸನ್ನ ಹುಡುಕ್ಕೊಂಡು ಹೋಗಲ್ಲ. "30ರ ಆಸುಪಾಸಿನ ಗಂಡಸು ಕಾರಲ್ಲಿ ಬಂದು ಕರ್ಕೊಂಡು ಹೋಗ್ತಾನೆ, ಹೊಸ ಫೋನ್ ಕೊಡಿಸಿದಾನೆ" ಅಂತಿದ್ರೆ ಹೋಗ್ತಾರೆ. 2016ರಲ್ಲಿ ಲಕ್ಸೆಂಬರ್ಗ್‌ನಲ್ಲಿ ಒಪ್ಪಿದ ಅಂತಾರಾಷ್ಟ್ರೀಯ ಪದಬಳಕೆ ಮಾರ್ಗಸೂಚಿ "ಬಾಲ ವೇಶ್ಯೆ" ಥರದ ಪದಗಳನ್ನ ಬಿಡಿ, ಶೋಷಣೆ ಅಂತಾನೇ ಬರೀರಿ ಅನ್ನೋದು ಇದಕ್ಕೇ.

ಹಾಗಂತ ಮೆತ್ತಗೆ ಮಾಡೋದೂ ಅಷ್ಟೇ ಕೆಟ್ಟದು. ಬೆಲ್ಟಲ್ಲಿ ಹೊಡೆದಿದ್ದನ್ನ "ತಂದೆ ಸ್ವಲ್ಪ ಸ್ಟ್ರಿಕ್ಟ್" ಅಂತ ಬರೆದ್ರೆ, ದೊಡ್ಡವಳಾಗಿ ಓದಿದವಳಿಗೆ ಅವತ್ತೂ ಯಾರೂ ನನ್ನ ನಂಬ್ಲಿಲ್ಲ ಅಂತ ಅನ್ಸುತ್ತೆ. ಮಗು ನಿಮ್ಮ ಹತ್ರ ಅಂಥದ್ದೇನಾದ್ರೂ ಹೇಳಿದ್ರೆ ಆದಷ್ಟು ಬೇಗ, ಸಾಧ್ಯ ಆದ್ರೆ ಅದೇ ಗಂಟೆಲೇ, ಅವಳ ಮಾತನ್ನ ಅವಳದೇ ಪದಗಳಲ್ಲಿ ಬರೀರಿ, ಮೈಯ ಭಾಗಕ್ಕೆ ಅವಳು ಯಾವ ಪದ ಬಳಸಿದ್ಳೋ ಅದೇ, ನೀವು ಡಾಕ್ಟರ್ ಭಾಷೆಗೆ ತಿರುಗಿಸ್ಬೇಡಿ. ನೀವು ಏನ್ ಕೇಳಿದ್ರಿ ಅನ್ನೋದನ್ನೂ ಬರೀರಿ, ಯಾಕಂದ್ರೆ "ಅಪ್ಪ ಹೊಡೆದ್ರಾ" ಅಂತ ಕೇಳಿ ಹೂಂ ಅನ್ಸಿದ್ದಕ್ಕೂ "ಏನಾಯ್ತು" ಅಂತ ಕೇಳಿ ಅವಳೇ ಹೇಳಿದ್ದಕ್ಕೂ ಕೋರ್ಟಲ್ಲಿ ತುಂಬಾ ವ್ಯತ್ಯಾಸ ಇದೆ. ಯಾರಿಗೂ ಹೇಳಲ್ಲ ಅಂತ ಮಾತು ಕೊಡ್ಬೇಡಿ, ಯಾರಿಗೆ ಹೇಳ್ಬೇಕಾಗುತ್ತೆ ಅಂತ ಅವಳಿಗೆ ತಿಳಿಸಿದ್ರಿ ಅನ್ನೋದೂ ನೋಟಲ್ಲಿರ್ಲಿ.

ಅಪ್ಪ ಅಮ್ಮನ ಬಗ್ಗೆ ಬರೆಯುವಾಗ್ಲೂ ಓದೋದು ಅವರ ಮಗು ಅಂತ ನೆನಪಿರ್ಲಿ. "ಬೇಜವಾಬ್ದಾರಿ ತಾಯಿ" ಅನ್ನೋ ಬದ್ಲು, ಮೂರು ಭೇಟಿಲಿ ಎರಡಕ್ಕೆ ಬರ್ಲಿಲ್ಲ, ಒಂದ್ಸಲ ಕೆಲಸದಲ್ಲಿ ರಜೆ ಸಿಗ್ಲಿಲ್ಲ ಅಂದ್ರು, ಇನ್ನೊಂದಕ್ಕೆ ಕಾರಣ ಹೇಳ್ಲಿಲ್ಲ, ಬಂದ ದಿನ ಮಗುವಿನ ತಲೆ ಬಾಚಿ ಕೊಟ್ರು. ಇದ್ರಲ್ಲಿ ಅಮ್ಮನ ಲೋಪನೂ ಇದೆ, ತಲೆ ಬಾಚಿದ್ದೂ ಇದೆ, ತೀರ್ಮಾನ ಮಗು ದೊಡ್ಡದಾಗಿ ತಾನೇ ಮಾಡ್ಕೊಳ್ಳಲಿ.

ದೊಡ್ಡವರಾಗಿ ಫೈಲ್ ತೆಗೆದು ನೋಡೋರು ಹುಡುಕೋದು ಮುಖ್ಯವಾಗಿ "ಯಾಕೆ" ಅನ್ನೋದನ್ನ. ನನ್ನನ್ನ ಯಾಕೆ ಮನೆಯಿಂದ ತಂದ್ರು, ನನ್ನ ತಮ್ಮನ್ನ ಯಾಕೆ ಬೇರೆ ಮಾಡಿದ್ರು, ಅವತ್ತು ನನ್ನನ್ನ ಒಂದ್ ಮಾತು ಕೇಳಿದ್ರಾ. ಅದಕ್ಕೆ ಫೈಲಲ್ಲಿ "ಮಗುವಿನ ಹಿತದೃಷ್ಟಿಯಿಂದ" ಅಂತ ಮಾತ್ರ ಇರುತ್ತೆ. ನನಗೆ ಈ ಕೆಲಸದಲ್ಲಿ ಅತಿ ಹೆಚ್ಚು ಸಿಟ್ಟು ಬರ್ಸೋ ಪದಗುಚ್ಛ ಅದು. ಇಬ್ಬರಿಗೂ ಜಾಗ ಇರೋ ಮನೆ ಸಿಗ್ಲಿಲ್ಲ ಅನ್ನೋದು ನಿಜ ಆಗಿದ್ರೆ ಅದನ್ನೇ ಬರೀರಿ, ಎಷ್ಟು ಕಡೆ ಕೇಳಿದ್ವಿ, ಅಣ್ಣ ತಮ್ಮ ಏನಂದ್ರು, ತಿಂಗಳಿಗೆ ಎಷ್ಟು ಸಲ ಭೇಟಿ ಮಾಡಿಸ್ತೀವಿ ಅಂತ ಒಪ್ಕೊಂಡ್ವಿ, ಮಾಡಿಸಿದ್ವಾ. ಸಂಸ್ಥೆಗೆ ಮುಜುಗರ ಆಗ್ಬಹುದು, ಆಗ್ಲಿ.

ಇಂಗ್ಲೆಂಡಲ್ಲಿ ಕೆಲವು ಕಡೆ ನೋಟ್ಸನ್ನ ನೇರವಾಗಿ ಮಗುವಿಗೇ ಬರೆಯೋ ಪದ್ಧತಿ ಬಂದಿದೆ, "ನೀನು ಇವತ್ತು ತುಂಬಾ ಬೇಜಾರಲ್ಲಿದ್ದೆ" ಅನ್ನೋ ಥರ. ಮರುಪರಿಶೀಲನೆ ಮೀಟಿಂಗ್ ಆದ್ಮೇಲೆ ಮಗುವಿಗೆ ಒಂದು ಕಾಗದ ಬರೆಯೋಕೆ ಇದು ಬಹಳ ಚೆನ್ನಾಗಿದೆ, ದೊಡ್ಡ ನಿರ್ಧಾರ ವಿವರಿಸೋಕೂ ಸರಿ. ದಿನದ ಲಾಗಿಗೆ, ಕೋರ್ಟಿಗೆ ಹೋಗೋ ರಿಪೋರ್ಟಿಗೆ ಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ, "ನೀನು" ಅಂತ ಹಾಕಿದ ಮಾತ್ರಕ್ಕೆ ಪ್ರೀತಿ ಬರಲ್ಲ, ಒಂದೊಂದ್ಸಲ ನಾಟಕ ಥರ ಕೇಳ್ಸುತ್ತೆ. ಅದಕ್ಕಿಂತ ಮಗು ಜೊತೆ ಕೂತು ಬರೆದಿದ್ದನ್ನ ಓದಿ ತೋರ್ಸಿ. "ನಾನು ಹಂಗೆ ಹೇಳೇ ಇಲ್ಲ" ಅಂದ್ರೆ ಅದನ್ನೂ ಕೆಳಗೆ ಬರೀರಿ, ವಾದ ಮಾಡ್ಬೇಡಿ. ಬೇರೆ ಮಕ್ಕಳ ಹೆಸರು, ದೂರು ಕೊಟ್ಟ ಪಕ್ಕದ ಮನೆಯವರ ವಿವರ ಇಂಥದ್ದನ್ನ ಮೊದ್ಲೇ ಬೇರೆ ಹಾಳೆಲಿ ಇಟ್ಟಿದ್ರೆ ಓದಿ ತೋರಿಸೋದು ಸುಲಭ, ಮುಂದೆ ಅವನು ಫೈಲ್ ಕೇಳಿದಾಗ ಅರ್ಧಕ್ಕರ್ಧ ಕಪ್ಪು ಬಳಿದು ಕೊಡೋ ಪರಿಸ್ಥಿತಿನೂ ಬರಲ್ಲ.

ಟೈಮ್ ಬಗ್ಗೆ. ಎಲ್ಲ ದಿನಕ್ಕೂ ಉದ್ದ ನೋಟ್ ಬೇಡ, ಏನೂ ವಿಶೇಷ ಇಲ್ದಿರೋ ದಿನ ಎರಡು ಸಾಲು ಸಾಕು. ಮೇಲಿನ ಎರಡನೇ ನೋಟ್ ಬರೆಯೋಕೆ ಹತ್ತು ನಿಮಿಷ ಹಿಡಿಯುತ್ತೆ ಅಂದ್ಕೊಳ್ಳಿ, "ಕಾರಣವಿಲ್ಲದೆ" ಅಂತ ಬರೆದು ಕೈತೊಳ್ಕೊಂಡ್ರೆ ಅದೇ ಗಲಾಟೆ ಮುಂದಿನ ವಾರನೂ ಆಗುತ್ತೆ, ಆಗ ಆ ಹತ್ತು ನಿಮಿಷ ಯಾವ ಲೆಕ್ಕ. ಶಿಫ್ಟಲ್ಲೇ ಚೀಟಿಲಿ ಟೈಮು ಮತ್ತೆ ಮಗು ಹೇಳಿದ ಮಾತು ಎರಡನ್ನ ಮಾತ್ರ ಗುರುತು ಹಾಕ್ಕೊಳ್ಳಿ, ಮರೆತು ಹೋಗೋದು ಅವೆರಡೇ, ಉಳಿದಿದ್ದು ಆಮೇಲೆ ಕೂತಾಗ ನೆನಪಾಗುತ್ತೆ. ಚೀಟಿನ ಎಲ್ಲಂದ್ರಲ್ಲಿ ಬಿಡ್ಬೇಡಿ ಮತ್ತೆ, ನೋಟ್ ಬರೆದ ಮೇಲೆ ನಿಮ್ಮ ಸಂಸ್ಥೆ ನಿಯಮ ಏನಿದ್ಯೋ ಹಾಗೆ ಫೈಲಿಗೆ ಸೇರಿಸಿ ಅಥವಾ ನಾಶ ಮಾಡಿ.

ಈಗಾಗ್ಲೇ ಈ ಹುಡುಗನ ಫೈಲಲ್ಲಿ "ಸದರಿ ಬಾಲಕ ಅಗ್ರೆಸಿವ್" ಅಂತ ಹತ್ತಾರು ಪುಟ ಇರ್ಬಹುದು. ಅದನ್ನ ಹರಿಯೋಕೆ, ವೈಟ್ನರ್ ಹಾಕೋಕೆ, ತಿದ್ದೋಕೆ ಹೋಗ್ಬೇಡಿ, ರೆಕಾರ್ಡ್ ಬದಲಾಯಿಸೋದು ಅಪರಾಧ ಆಗ್ಬಹುದು, ಜೊತೆಗೆ ತನ್ನ ಬಗ್ಗೆ ಜನ ಆಗ ಏನ್ ಬರೆದಿದ್ರು ಅಂತ ತಿಳ್ಕೊಳ್ಳೋದೂ ಅವನ ಹಕ್ಕೇ. ಹೊಸ ಹಾಳೆ ತಗೊಂಡು ಇವತ್ತಿನ ತಾರೀಖು, ನಿಮ್ಮ ಹೆಸರು, ಹುದ್ದೆ ಹಾಕಿ ಬರೀರಿ: "ಹಿಂದಿನ ನೋಟ್ಸ್‌ನಲ್ಲಿ ಅಗ್ರೆಸಿವ್ ಅಂತ ಬಳಸಿರೋ ಕಡೆ ಘಟನೆಯ ವಿವರ ಇಲ್ಲ. ಕಳೆದ ಆರು ತಿಂಗಳ ಲಾಗ್ ನೋಡಿದಾಗ ಎರಡು ಬಿಟ್ಟು ಉಳಿದೆಲ್ಲ ಘಟನೆ ಅಮ್ಮನ ಫೋನ್ ಅಥವಾ ಭೇಟಿ ತಪ್ಪಿದ ದಿನಗಳಲ್ಲೇ ಆಗಿವೆ." ನಿಮ್ಮ ಫೈಲಲ್ಲಿ ಲೆಕ್ಕ ಬೇರೆ ಬರ್ಬಹುದು, ಬಂದಿದ್ದನ್ನೇ ಬರೀರಿ. ಸೂಪರ್‌ವೈಸರ್ ಸೈನ್ ಹಾಕಿಸಿ, ಸಮ್ಮರಿ ಶೀಟಿನ ಮೇಲೇ ಇರೋ ಹಾಗೆ ಪಿನ್ ಮಾಡಿ, ಮುಂದಿನವರು ಮೊದಲು ಅದನ್ನೇ ಓದ್ಲಿ.